ಕಡಲಂಚಿಗೆ ಗೆರೆ ಎಳೆಯುವವರಿಗೊಂದು ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಯಾವ ದೇಶದ ಯಾವ ಕಚೇರಿಯಲ್ಲಿ ಕೂತಿದ್ದೀರಿ ಎಂಬುದೂ ಈ ಪತ್ರಕ್ಕೆ ಮುಖ್ಯವಲ್ಲ. ನಿಮ್ಮ ಕೆಲಸ ಮಾತ್ರ ಗೊತ್ತು. ಕಡಲತೀರದ ನಕ್ಷೆಯ ಮೇಲೆ ನೀವೊಂದು ಗೆರೆ ಎಳೆಯುತ್ತೀರಿ. ಗೆರೆಯ ಈಚೆ ಮನೆ ಕಟ್ಟಬಹುದು, ಆಚೆ ಕಟ್ಟಬಾರದು. ಒಡ್ಡು ಇಷ್ಟು ಎತ್ತರ ಇದ್ದರೆ ಸಾಕು, ಆಸ್ಪತ್ರೆಯ ಜನರೇಟರ್ ನೆಲಮಾಳಿಗೆಯಲ್ಲಿದ್ದರೂ ಪರವಾಗಿಲ್ಲ ಎಂದು ಬರೆದು ಸಹಿ ಹಾಕುತ್ತೀರಿ. ಆ ಗೆರೆಯ ಬಗ್ಗೆ ನನ್ನದೊಂದು ತಕರಾರಿದೆ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ಗೆರೆಯನ್ನು ನಂಬಿ ರಾತ್ರಿ ಮಲಗುವವರು ನಾವು.

ತಕರಾರು ಇಷ್ಟೇ. ನಿಮ್ಮ ಗೆರೆಗೆ ನೆನಪು ತೀರಾ ಕಡಿಮೆ.

ಗೆರೆ ಹೇಗೆ ಹುಟ್ಟುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಓದುವ ಉಳಿದವರಿಗಾಗಿ ಹೇಳಿಬಿಡುತ್ತೇನೆ. ಬಂದರಿನಲ್ಲಿ ಉಬ್ಬರ ಅಳೆಯುವ ಸಾಧನ ಇರುತ್ತದೆ. ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅದು ಹಗಲೂ ರಾತ್ರಿ ಬರೆದುಕೊಳ್ಳುತ್ತದೆ. ಸ್ಟಾಕ್‌ಹೋಮ್‌ನಲ್ಲಿ 1774ರಿಂದ, ಫ್ರಾನ್ಸಿನ ಬ್ರೆಸ್ಟ್‌ನಲ್ಲಿ 1807ರಿಂದ ಹೆಚ್ಚುಕಮ್ಮಿ ಬಿಡದೆ ಬರೆದಿಟ್ಟ ಲೆಕ್ಕ ಇದೆ. ಇವು ಅಪರೂಪದ ಜಾಗಗಳು. ಜಗತ್ತಿನ ಹೆಚ್ಚಿನ ಬಂದರುಗಳಲ್ಲಿ ಅಳತೆಯ ವಯಸ್ಸು ಒಬ್ಬ ಮನುಷ್ಯನ ಆಯಸ್ಸಿಗಿಂತ ಕಡಿಮೆ. ಆ ಐವತ್ತು ಅರವತ್ತು ವರ್ಷದ ಅಂಕಿಗಳನ್ನು ಹಿಡಿದು, ಗಣಿತದ ಸಹಾಯದಿಂದ ಮುಂದಕ್ಕೆ ಎಳೆದು, ನೂರು ವರ್ಷಕ್ಕೊಮ್ಮೆ ಬರುವ ನೆರೆ ಇಷ್ಟು ಎತ್ತರ ಇರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆ ಎತ್ತರವೇ ನಿಮ್ಮ ಗೆರೆ.

ಅಂದಹಾಗೆ, ಈ 'ನೂರು ವರ್ಷಕ್ಕೊಮ್ಮೆ' ಎಂಬ ಮಾತನ್ನು ಯಾರು ಕಂಡುಹಿಡಿದರೋ, ಜನರಿಗೆ ಅದರಿಂದ ಆದ ಗೊಂದಲ ಅಷ್ಟಿಷ್ಟಲ್ಲ. ಹೋದ ವರ್ಷ ಬಂದು ಹೋಯಿತಲ್ಲ, ಇನ್ನು 99 ವರ್ಷ ಆರಾಮು ಎಂದುಕೊಳ್ಳುತ್ತಾರೆ. ಅದರ ಅರ್ಥ ಹಾಗಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ ಇದೆ ಎಂದಷ್ಟೇ. 30 ವರ್ಷದ ಸಾಲ ಮಾಡಿ ಮನೆ ಕೊಂಡವರಿಗೆ, ಸಾಲ ತೀರುವುದರೊಳಗೆ ಆ ನೆರೆ ಬರುವ ಸಾಧ್ಯತೆ ನೂರಕ್ಕೆ 26. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟನ್ನು ಬಿಡಿಸಿ ಹೇಳಿದರೆ ಎಷ್ಟೋ ಜನ ಆ ಮನೆ ಕೊಳ್ಳುವ ಮುಂಚೆ ಎರಡು ಸಲ ಯೋಚಿಸುತ್ತಾರೆ, ಅಲ್ವಾ?

ಅದಿರಲಿ. ನನ್ನ ಮುಖ್ಯ ತಕರಾರು ಬೇರೆ. ಕಡಲು ನೆನಪಿಟ್ಟುಕೊಳ್ಳುವುದು ಬಂದರಿನ ಸಾಧನದಲ್ಲಿ ಮಾತ್ರ ಅಲ್ಲ. ಕೆಸರಿನಲ್ಲೂ ಹೌದು.

ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಒಂದು ಮರಳ ದಿಬ್ಬ ಇರುವ ಜಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ದಿಬ್ಬದ ಹಿಂದೆ ನೀರು ನಿಂತಿರುತ್ತದೆ. ಅಲೆಯಿಲ್ಲ, ಸದ್ದಿಲ್ಲ. ವರ್ಷವಿಡೀ ಎಲೆ, ಪಾಚಿ, ನುಣ್ಣನೆಯ ಮಣ್ಣು ತಳಕ್ಕೆ ಇಳಿದು ಹೂಳಾಗುತ್ತದೆ. ಸಾಧಾರಣ ಅಲೆಗೆ ದಿಬ್ಬ ದಾಟಲು ಆಗುವುದಿಲ್ಲ. ದೊಡ್ಡ ಚಂಡಮಾರುತ ಬಂದಾಗ ಮಾತ್ರ ಕಡಲು ದಿಬ್ಬದ ಮೇಲೆ ಹತ್ತಿ, ಅದರ ಮರಳನ್ನು ಬಾಚಿಕೊಂಡು ಹಿನ್ನೀರಿಗೆ ಸುರಿಯುತ್ತದೆ. ಗಾಳಿ ನಿಲ್ಲುತ್ತದೆ. ಮರಳು ತಳದಲ್ಲಿ ಉಳಿಯುತ್ತದೆ. ಮತ್ತೆ ಮೇಲಿಂದ ಹೂಳು ಬೀಳಲು ಶುರು.

ಸಂಶೋಧಕರು ತೆಪ್ಪದ ಮೇಲೆ ನಿಂತು ಈ ತಳಕ್ಕೆ ಉದ್ದನೆಯ ಕೊಳವೆ ಇಳಿಸುತ್ತಾರೆ. ಮೇಲೆತ್ತಿ ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಕೆಸರಿನ ಕಂಬ. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಕಪ್ಪಿನ ನಡುವೆ ಅಲ್ಲಲ್ಲಿ ತೆಳುಬಣ್ಣದ ಪಟ್ಟಿ. ಒಂದು ಉಗುರಿನಷ್ಟು ದಪ್ಪ, ಇನ್ನೊಂದು ಎರಡು ಬೆರಳಿನಷ್ಟು. ಬೆರಳಲ್ಲಿ ಉಜ್ಜಿದರೆ ತರಿತರಿ. ಅದೇ ಮರಳು. ಪಟ್ಟಿಯ ಕೆಳಗಿನ ಅಂಚು ಚಾಕುವಿನಿಂದ ಕೊಯ್ದಂತೆ ಇರುತ್ತದೆ, ಯಾಕೆಂದರೆ ಅದು ಒಂದೇ ರಾತ್ರಿಯಲ್ಲಿ ಬಂದು ಬಿದ್ದದ್ದು. ಅದರೊಳಗೆ ಫೊರಾಮಿನಿಫೆರಾ ಎಂಬ ಜೀವಿಗಳ ಚಿಪ್ಪುಗಳಿರುತ್ತವೆ. ಮರಳಿನ ಕಾಳಿನಷ್ಟು ಚಿಕ್ಕವು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಶಂಖದ ಹಾಗೆ. ತೆರೆದ ಕಡಲಿನ ಜಾತಿ ಯಾವುದು, ಹಿನ್ನೀರಿನ ಜಾತಿ ಯಾವುದು ಎಂದು ಬಲ್ಲವರು ಗುರುತಿಸುತ್ತಾರೆ. ಕಡಲಿನ ಜಾತಿ ಹಿನ್ನೀರಿನ ತಳದಲ್ಲಿ ಸಿಕ್ಕಿತು ಅಂದರೆ ಅದು ತಾನಾಗಿ ನಡೆದು ಬಂದದ್ದಲ್ಲ.

ವಯಸ್ಸು ತಿಳಿಯಲು ಪಟ್ಟಿಯ ಮೇಲೆ ಕೆಳಗೆ ಸಿಕ್ಕ ಎಲೆ ಕಡ್ಡಿಗಳಿಗೆ ರೇಡಿಯೋಕಾರ್ಬನ್ ಪರೀಕ್ಷೆ ಮಾಡುತ್ತಾರೆ. ತೀರಾ ಮೇಲಿನ ಪದರಗಳಿಗೆ ಇನ್ನೊಂದು ಗುರುತಿದೆ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಸೀಸಿಯಂ-137 ಎಂಬ ವಿಕಿರಣ ವಸ್ತು ಹೂಳಿನಲ್ಲಿ 1963ರ ಆಸುಪಾಸಿನ ಪದರದಲ್ಲಿ ಅತಿ ಹೆಚ್ಚು ಸಿಗುತ್ತದೆ. ಮನುಷ್ಯ ಮಾಡಿದ ಒಂದು ಹುಚ್ಚು ಕೆಲಸ ಹೀಗೆ ಕ್ಯಾಲೆಂಡರಿನಂತೆ ಉಪಯೋಗಕ್ಕೆ ಬಂತು.

ಇಂಥ ಕೆಸರನ್ನು ಓದಿದವರು ಏನು ಕಂಡರು? ಕೆರಿಬಿಯನ್ ಕಡಲಿನ ಪೋರ್ಟೊರಿಕೊಗೆ ಸೇರಿದ ವಿಯೆಕೆಸ್ ದ್ವೀಪದ ಒಂದು ಹಿನ್ನೀರಿನಿಂದ ತೆಗೆದ 5,000 ವರ್ಷದ ದಾಖಲೆ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ದೊಡ್ಡ ಚಂಡಮಾರುತಗಳು ಸಮನಾಗಿ ಹಂಚಿಹೋಗಿಲ್ಲ. ಶತಮಾನಗಳಗಟ್ಟಲೆ ಒಂದರ ಹಿಂದೆ ಒಂದು ಬಂದ ಕಾಲಗಳಿವೆ. ಶತಮಾನಗಳಗಟ್ಟಲೆ ಸುಮ್ಮನಿದ್ದ ಕಾಲಗಳೂ ಇವೆ. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೋ ಜೋರಿದ್ದಾಗ ಅಟ್ಲಾಂಟಿಕ್‌ನಲ್ಲಿ ಚಂಡಮಾರುತಗಳು ಕಡಿಮೆಯಿರುತ್ತಿದ್ದವು. ಪಶ್ಚಿಮ ಆಫ್ರಿಕಾದ ಮಳೆಗಾಲ ಬಲವಾಗಿದ್ದಾಗ ಚಂಡಮಾರುತಗಳು ಹೆಚ್ಚುತ್ತಿದ್ದವು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಳಿ ಬಿರುಗಾಳಿಗಳು ಒಟ್ಟಿದ ಹವಳ ಚೂರಿನ ದಿಬ್ಬಗಳನ್ನು ಎಣಿಸಿದಾಗ ಇನ್ನೊಂದು ಆಘಾತ. ಸಾವಿರಾರು ವರ್ಷಕ್ಕೊಮ್ಮೆ ಬರುತ್ತವೆ ಎಂದುಕೊಂಡಿದ್ದ ಮಹಾ ಚಂಡಮಾರುತಗಳು ಕಳೆದ 5,000 ವರ್ಷಗಳಲ್ಲಿ 200ರಿಂದ 300 ವರ್ಷಕ್ಕೊಂದರಂತೆ ಬಂದಿದ್ದವು. ಅಳತೆಯ ದಾಖಲೆ ಚಿಕ್ಕದಾಗಿದ್ದರಿಂದ ಅವು ಕಂಡಿರಲಿಲ್ಲ ಅಷ್ಟೆ.

ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲ್ ಎಂಬ ಕಡಲ ಗುಂಡಿಯ ಫೋಟೊವನ್ನು ನೀವು ನೋಡಿರುತ್ತೀರಿ, ತಿಳಿನೀಲಿ ಕಡಲಿನ ನಡುವೆ ಕಡುನೀಲಿ ವೃತ್ತ. ಅದರ ತಳದಿಂದ ತೆಗೆದ 30 ಮೀಟರ್ ಉದ್ದದ ಹೂಳಿನಲ್ಲಿ 5,700 ವರ್ಷಗಳ ಬಿರುಗಾಳಿಗಳು ಪದರ ಪದರವಾಗಿ ಕೂತಿವೆ. 570ಕ್ಕೂ ಹೆಚ್ಚು. ಕಳೆದ ಎರಡು ದಶಕಗಳಲ್ಲೇ ಒಂಬತ್ತು ಪದರ. ಹಿಂದಿನ ಯಾವ ಶತಮಾನದ ಲೆಕ್ಕಕ್ಕೂ ಈ ವೇಗ ಹೊಂದುವುದಿಲ್ಲ.

ಈಗ ಹೇಳಿ. ನಿಮ್ಮ ಬಂದರಿನ ಅರವತ್ತು ವರ್ಷದ ಅಳತೆ ಅಂಥ ಒಂದು ಸುಮ್ಮನಿದ್ದ ಕಾಲದಲ್ಲೇ ಬಿದ್ದಿದ್ದರೆ? ಆ ಅಂಕಿಗಳಲ್ಲಿ ಒಂದೂ ತಪ್ಪಿರುವುದಿಲ್ಲ. ಗಣಿತವೂ ಸರಿಯೇ ಇರುತ್ತದೆ. ಗೆರೆ ಮಾತ್ರ ತಪ್ಪು ಜಾಗದಲ್ಲಿರುತ್ತದೆ.

ಇನ್ನು ನೀರಿನ ಮಟ್ಟದ ಮಾತು. ಚಂಡಮಾರುತ ಬಂದಾಗ ನೀರು ಯಾಕೆ ಉಬ್ಬುತ್ತದೆ? ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಇದು ಸಣ್ಣ ಪಾಲು. ದೊಡ್ಡ ಪಾಲು ಗಾಳಿಯ ತಳ್ಳಾಟದ್ದು. ಗಾಳಿಯ ವೇಗ ಎರಡು ಪಟ್ಟಾದರೆ ಅದು ನೀರನ್ನು ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಕಡಲು ಆಳವಾಗಿದ್ದರೆ ತಳ್ಳಿದ ನೀರು ಅಡಿಯಿಂದ ಹಿಂದಕ್ಕೆ ಹರಿದು ಹೋಗುತ್ತದೆ. ಆಳ ಕಡಿಮೆಯಿದ್ದರೆ ಹೋಗಲು ದಾರಿಯಿಲ್ಲ, ತೀರದಲ್ಲೇ ರಾಶಿಯಾಗುತ್ತದೆ. ಬಂಗಾಳ ಕೊಲ್ಲಿಯ ಉತ್ತರದ ತುದಿ ಹೀಗೆ ಆಳವಿಲ್ಲದ, ಬಾಯಿ ಕಿರಿದಾಗುತ್ತಾ ಹೋಗುವ ಜಾಗ. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತಕ್ಕೆ ಅಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಗಾಳಿಯಲ್ಲ, ನೀರು.

ಇವೆಲ್ಲ ಕಡಲಿನ ಸಾಧಾರಣ ಮಟ್ಟದ ಮೇಲೆ ಏರಿ ಬರುವ ಉಬ್ಬು. ಆ ಸಾಧಾರಣ ಮಟ್ಟವೇ ಯಾವತ್ತೂ ಒಂದೇ ಕಡೆ ನಿಂತದ್ದಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ಕಡಲು ಇವತ್ತಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಬ್ರಿಟನ್ನಿನಿಂದ ಯುರೋಪಿಗೆ ನಡೆದೇ ಹೋಗಬಹುದಿತ್ತು. ಮಂಜು ಕರಗಿದಂತೆ ಕಡಲು ಏರಿತು, ಅದೂ ನಿಧಾನಕ್ಕಲ್ಲ. ಸುಮಾರು 14,600 ವರ್ಷಗಳ ಹಿಂದೆ ಒಂದು ಹಂತದಲ್ಲಿ ನಾನೂರು ಐನೂರು ವರ್ಷಗಳೊಳಗೆ 15 ಮೀಟರಿನಷ್ಟು ಏರಿಬಿಟ್ಟಿತು. ಹತ್ತಾರು ತಲೆಮಾರುಗಳ ಕಾಲ, ಪ್ರತಿ ತಲೆಮಾರೂ ತನ್ನ ಅಜ್ಜನ ಗುಡಿಸಲಿನ ಜಾಗವನ್ನು ನೀರಿನಡಿ ಬಿಟ್ಟು ಬಂದಿರಬೇಕು. ಆರೇಳು ಸಾವಿರ ವರ್ಷಗಳ ಹಿಂದೆ ಏರಿಕೆ ನಿಧಾನವಾಯಿತು. ಆಮೇಲೆಯೇ ದೊಡ್ಡ ನದಿಗಳ ಮುಖಜಭೂಮಿಗಳು ಇವತ್ತಿನ ರೂಪಕ್ಕೆ ಬಂದವು, ಅಲ್ಲಿ ಊರುಗಳು ಬೆಳೆದವು, ಬಂದರುಗಳು ಬಂದವು. ನಮ್ಮ ಇಡೀ ಕಡಲತೀರದ ಬದುಕು ಈ ನಿಂತ ನೀರಿನ ಬಿಡುವಿನಲ್ಲಿ ಕಟ್ಟಿದ್ದು.

ಆ ಬಿಡುವು ಮುಗಿಯುತ್ತಾ ಬಂದಿದೆ. 1901ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಕಳೆದ 3,000 ವರ್ಷಗಳ ಯಾವ ಶತಮಾನದಲ್ಲೂ ಇಷ್ಟು ಬೇಗ ಏರಿರಲಿಲ್ಲ. 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿಲಿಮೀಟರ್. ಈ ಅಂಕಿ ಕೇಳಿ ನಗುವವರನ್ನು ಕಂಡಿದ್ದೇನೆ. ಒಂದು ಅಕ್ಕಿಕಾಳಿನಷ್ಟೂ ಇಲ್ಲವಲ್ಲ ಸ್ವಾಮಿ, ಇದಕ್ಕೆಲ್ಲ ಇಷ್ಟು ಗದ್ದಲವೇ ಎನ್ನುತ್ತಾರೆ.

ಅವರಿಗೆ ನ್ಯೂಯಾರ್ಕಿನ ಲೆಕ್ಕ ತೋರಿಸಬೇಕು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ ಹುಣ್ಣಿಮೆ. ದೊಡ್ಡ ಉಬ್ಬರದ ಹೊತ್ತಿಗೇ ಗಾಳಿಯ ಉಬ್ಬೂ ಸೇರಿತು. ಸುರಂಗ ರೈಲಿನ ದಾರಿಗೆ ನೀರು ತುಂಬಿತು, ಆಸ್ಪತ್ರೆ ಖಾಲಿ ಮಾಡಬೇಕಾಯಿತು. ಮನುಷ್ಯರಿಂದಾದ ಹವಾಮಾನ ಬದಲಾವಣೆ ಅಲ್ಲಿನ ಕಡಲನ್ನು ಏರಿಸಿದ್ದು ಸುಮಾರು 10 ಸೆಂಟಿಮೀಟರ್. ಆ 10 ಸೆಂಟಿಮೀಟರ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನ್ಯೂಯಾರ್ಕ್ ಮತ್ತು ಅಕ್ಕಪಕ್ಕದ ಎರಡು ರಾಜ್ಯಗಳ ಒಟ್ಟು ನಷ್ಟದಲ್ಲಿ ಸುಮಾರು 800 ಕೋಟಿ ಡಾಲರ್ ಆಗುತ್ತಲೇ ಇರಲಿಲ್ಲ. ಸುಮಾರು 70,000 ಜನರ ಮನೆಗೆ ನೀರು ನುಗ್ಗುತ್ತಿರಲಿಲ್ಲ. ಅಂಗೈ ಅಗಲದಷ್ಟು ನೀರು, ಅಷ್ಟೆ. ಹೊಸ್ತಿಲಿನ ಕೆಳಗೇ ನಿಲ್ಲುವ ನೀರಿಗೂ ಹೊಸ್ತಿಲು ದಾಟುವ ನೀರಿಗೂ ಇರುವ ವ್ಯತ್ಯಾಸ ಅಷ್ಟೇ ಇರುತ್ತದೆ.

ಅದೇ ಊರಿಗೆ 1821ರ ಸೆಪ್ಟೆಂಬರ್ 3ರಂದು ಇನ್ನೊಂದು ಚಂಡಮಾರುತ ಬಂದಿತ್ತು. ನೀರು ಭಯಂಕರ ವೇಗದಲ್ಲಿ ಏರಿತು ಎಂದು ಆಗಿನವರು ಬರೆದಿಟ್ಟಿದ್ದಾರೆ. ಆದರೆ ಅದು ಬಂದದ್ದು ಇಳಿತದ ಹೊತ್ತಿನಲ್ಲಿ. ಕಡಲೂ ಆಗ ಕೆಳಗಿತ್ತು, ಊರೂ ಚಿಕ್ಕದಿತ್ತು. ಹಾಗಾಗಿ ಜನ ಮರೆತರು. ಅದೇ ಗಾಳಿ ಇವತ್ತಿನ ಕಡಲಿನ ಮೇಲೆ, ಇವತ್ತಿನ ಉಬ್ಬರದ ಹೊತ್ತಿಗೆ ಬಂದರೆ? ಹಳೆಯ ಬಿರುಗಾಳಿಗಳ ಲೆಕ್ಕ ಇಡಬೇಕು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಆಗಿನ ನೀರು ಎಲ್ಲಿಯವರೆಗೆ ಬಂತು ಎಂಬುದಷ್ಟೇ ಸಾಲದು. ಆಗಿನ ಗಾಳಿಯನ್ನು ಈಗಿನ ಕಡಲಿನ ಮೇಲೆ ಕೂರಿಸಿ ನೋಡಬೇಕು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಬಿಸಿ ಹೆಚ್ಚಾದರೆ ಎಲ್ಲ ಕಡೆ ಎಲ್ಲ ಬಿರುಗಾಳಿಗಳೂ ಹೆಚ್ಚುತ್ತವೆ ಎಂದು ಹೇಳಿಬಿಡುವುದು ಸುಲಭ. ಹಳೆಯ ದಾಖಲೆ ಅಷ್ಟು ಸರಳವಾಗಿಲ್ಲ. ಬ್ರಿಟನ್ನಿಗೂ ಯುರೋಪಿನ ನೆಲಕ್ಕೂ ನಡುವಿನ ಉತ್ತರ ಸಮುದ್ರದ ಕಥೆಯನ್ನೇ ನೋಡಿ. ಅಲ್ಲಿ ಊರೂರುಗಳನ್ನೇ ನುಂಗಿದ ನೆರೆಗಳು ಬಂದದ್ದು ಬಿಸಿ ಕಾಲದಲ್ಲಲ್ಲ. ಮಧ್ಯಯುಗದ ಬೆಚ್ಚಗಿನ ಕಾಲ ಮುಗಿದು ಕಿರು ಹಿಮಯುಗದ ಚಳಿ ಶುರುವಾಗುವ ಸಂದಿಯಲ್ಲಿ. 1287ರ ಡಿಸೆಂಬರ್, 1362ರ ಜನವರಿ, 1421ರ ನವೆಂಬರ್. ಉತ್ತರ ಮತ್ತು ದಕ್ಷಿಣದ ನಡುವೆ ಚಳಿ ಬಿಸಿಯ ಅಂತರ ಹೆಚ್ಚಾದರೆ ಆ ಭಾಗದ ಚಳಿಗಾಲದ ಬಿರುಗಾಳಿಗೆ ಬಲ ಬರುತ್ತದೆ. ದೂರದ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲೂ ಇದರ ಗುರುತಿದೆ. 1400ರ ಸುಮಾರಿನಿಂದ ಅಲ್ಲಿನ ಮಂಜಿನ ಪದರಗಳಲ್ಲಿ ಕಡಲುಪ್ಪು ಜಾಸ್ತಿಯಾಗುತ್ತದೆ. ಗಾಳಿ ಅಲೆಗಳ ತುಂತುರನ್ನು ಅಲ್ಲಿಯವರೆಗೆ ಹೊತ್ತೊಯ್ದು ಹಿಮದ ಜೊತೆ ಬೀಳಿಸಿತ್ತು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಹಾಗಾದರೆ ಈಗ ಬಿಸಿಯಾಗುತ್ತಿರುವುದು ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ. ಉಷ್ಣವಲಯದ ಚಂಡಮಾರುತಗಳಿಗೆ ಬೆಚ್ಚಗಿನ ಕಡಲೇ ಉರುವಲು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು, ಆ ನೀರೆಲ್ಲ ಮಳೆಯಾಗಿ ಹಿಂದಿನಿಂದ ನದಿಯಲ್ಲಿ ಇಳಿದು ಬರುತ್ತದೆ. ಮುಂದಿನಿಂದ ಕಡಲು, ಹಿಂದಿನಿಂದ ನದಿ. ಹಳೆಯ ದಾಖಲೆ ಹೇಳುವುದು ಬಿಸಿ ಕೆಟ್ಟದ್ದು, ಚಳಿ ಒಳ್ಳೆಯದು ಎಂದಲ್ಲ. ಹವಾಮಾನ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಾರುವಾಗ ಬಿರುಗಾಳಿಗಳ ದಾರಿ, ಬಲ, ಸಂಖ್ಯೆ ಎಲ್ಲವೂ ಬದಲಾಗುತ್ತವೆ ಎಂದು. ನಾವೀಗ ಅಂಥ ಜಾರುವಿಕೆಯ ನಡುವೆ ಇದ್ದೇವೆ. ನಿಮ್ಮ ಗೆರೆ ಮಾತ್ರ ಏನೂ ಬದಲಾಗುವುದಿಲ್ಲ ಎಂದು ನಂಬಿ ಕೂತಿದೆ.

1362ರ ಆ ನೆರೆಯಲ್ಲಿ ರುಂಗ್‌ಹೋಲ್ಟ್ ಎಂಬ ಊರು ಮುಳುಗಿತು. ಈಗಿನ ಜರ್ಮನಿಯ ಉತ್ತರ ತೀರದಲ್ಲಿ ಇತ್ತು. ಎಷ್ಟೋ ಕಾಲ ಜನ ಅದನ್ನು ಕಟ್ಟುಕಥೆ ಎಂದೇ ತಿಳಿದಿದ್ದರು. 2023ರಲ್ಲಿ ಸಂಶೋಧಕರು ಅಲ್ಲಿನ ಕೆಸರು ಬಯಲಿನ ಅಡಿಯಲ್ಲಿ ಒಂದು ದೊಡ್ಡ ಚರ್ಚಿನ ಅಡಿಪಾಯ ಪತ್ತೆ ಮಾಡಿದರು, ಸುಮಾರು 40 ಮೀಟರ್ ಉದ್ದ, 15 ಮೀಟರ್ ಅಗಲ. ಸಣ್ಣ ಊರಿಗೆ ಅಷ್ಟು ದೊಡ್ಡ ಚರ್ಚು ಬೇಕಾಗುವುದಿಲ್ಲ. ಚೆನ್ನಾಗಿ ಬಾಳಿದ ಊರೇ.

ಆ ಊರನ್ನು ಮುಳುಗಿಸಿದ್ದು ಬಿರುಗಾಳಿ ಒಂದೇ ಅಲ್ಲ. ಅಲ್ಲಿನವರು ಜೌಗು ನೆಲದ ನೀರು ಬಸಿದು ಹೊಲ ಮಾಡಿದ್ದರು. ನೀರು ಹೋದ ಜೌಗು ನೆಲ ಒಣಗಿ ಕುಸಿಯುತ್ತದೆ. ಉಪ್ಪು ನೆನೆದ ಪೀಟ್ ಮಣ್ಣನ್ನು, ಅಂದರೆ ಅರೆಕೊಳೆತ ಗಿಡಗಳಿಂದಾದ ಮಣ್ಣನ್ನು, ಅಗೆದು ಸುಟ್ಟು ಉಪ್ಪು ತೆಗೆದು ಮಾರುತ್ತಿದ್ದರು. ಲಾಭ ಚೆನ್ನಾಗಿತ್ತು. ಒಡ್ಡಿನ ಒಳಗಿನ ನೆಲ ವರ್ಷ ವರ್ಷ ತಗ್ಗುತ್ತಾ ಹೋಯಿತು. ಕೊನೆಗೆ ಒಡ್ಡು ಒಡೆದ ದಿನ ನೀರಿಗೆ ಹರಿಯಲು ಬಟ್ಟಲು ಸಿದ್ಧವಾಗಿತ್ತು. ಬಂದ ನೀರು ವಾಪಸು ಹೋಗಲಿಲ್ಲ.

ಇದನ್ನು ಓದಿ ಆರುನೂರ ಅರವತ್ತು ವರ್ಷದ ಹಿಂದಿನವರ ದಡ್ಡತನಕ್ಕೆ ಮರುಗುವ ಮುಂಚೆ ಜಕಾರ್ತಾ ನೆನಪಿಸಿಕೊಳ್ಳಿ. ಅಂತರ್ಜಲ ಎತ್ತಿ ಎತ್ತಿ ಅದರ ಉತ್ತರ ಭಾಗದ ನೆಲ ಕೆಲವು ಕಡೆ ಮೀಟರುಗಟ್ಟಲೆ ಕುಸಿದಿದೆ. ಟೋಕಿಯೊದ ತಗ್ಗು ಭಾಗಗಳು ಕಳೆದ ಶತಮಾನದಲ್ಲಿ ಕೆಲವು ಕಡೆ 4 ಮೀಟರಿಗೂ ಹೆಚ್ಚು ಕುಸಿದವು. ಆಮೇಲೆ ಕಾನೂನು ತಂದು ನೀರೆತ್ತುವುದನ್ನು ತಡೆದ ಮೇಲೆಯೇ ನಿಂತದ್ದು. ಕಡಲು ವರ್ಷಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿ ಏರುತ್ತದೆ, ನೆಲ ಕೆಲವೊಮ್ಮೆ ಸೆಂಟಿಮೀಟರಿನ ಲೆಕ್ಕದಲ್ಲಿ ಇಳಿಯುತ್ತದೆ. ನಿಮ್ಮ ನಕ್ಷೆಯಲ್ಲಿ ನೆಲದ ಎತ್ತರವನ್ನು ಕೊನೆಯ ಸಲ ಅಳೆದದ್ದು ಯಾವಾಗ ಸಾರ್?

ದಾಖಲೆ ಇದ್ದೂ ನೋಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೂರದ ಕಾಲಕ್ಕೆ ಹೋಗಬೇಕಿಲ್ಲ. ಫ್ರಾನ್ಸಿನ ಪಶ್ಚಿಮ ತೀರದಲ್ಲಿ ಲಾ ಫೋಟ್ ಸುರ್ ಮೇರ್ ಎಂಬ ಚಿಕ್ಕ ಊರಿದೆ. ಒಡ್ಡಿನ ಹಿಂದಿನ ತಗ್ಗು ನೆಲದಲ್ಲಿ ಕಳೆದ ಕೆಲವು ದಶಕಗಳಲ್ಲಿ ಸಾಲು ಸಾಲು ಮನೆ ಎದ್ದವು. ಹೆಚ್ಚಿನವು ಒಂದೇ ಅಂತಸ್ತಿನವು, ನಿವೃತ್ತರಿಗೆ ಮೆಟ್ಟಿಲು ಹತ್ತುವ ಕಷ್ಟ ಬೇಡ ಎಂದು. 2010ರ ಫೆಬ್ರವರಿ 27ರ ರಾತ್ರಿ ಸಿಂಥಿಯಾ ಬಿರುಗಾಳಿ ಬಂತು. ಗಾಳಿಯ ಮಟ್ಟಿಗೆ ಅದೇನೂ ಕಂಡು ಕೇಳರಿಯದ್ದಲ್ಲ. ಆದರೆ ದೊಡ್ಡ ಉಬ್ಬರದ ಹೊತ್ತಿಗೇ ಬಂತು. ನೀರು ಒಡ್ಡಿನ ಮೇಲೆ ಹರಿಯಿತು. ಕರೆಂಟ್ ಹೋಯಿತು. ಕಿಟಕಿಗಳಿಗೆ ವಿದ್ಯುತ್ತಿನಿಂದ ಏರಿಳಿಯುವ ಷಟರ್‌ಗಳಿದ್ದವು. ಕರೆಂಟ್ ಇಲ್ಲದೆ ಅವು ಮೇಲೇಳಲಿಲ್ಲ. ಹತ್ತಲು ಮಹಡಿಯಿಲ್ಲ, ಹೊರಬೀಳಲು ಕಿಟಕಿಯಿಲ್ಲ, ಕತ್ತಲಲ್ಲಿ ಮಂಚದ ಮಟ್ಟ ದಾಟಿ ಏರುವ ತಣ್ಣನೆಯ ನೀರು. ಆ ಒಂದೇ ಊರಿನಲ್ಲಿ 29 ಜನ ಸತ್ತರು, ಹೆಚ್ಚಿನವರು ವಯಸ್ಸಾದವರು ಮತ್ತು ಚಿಕ್ಕ ಮಕ್ಕಳು. ಆಮೇಲೆ ಸರ್ಕಾರ ಅಲ್ಲಿನ ನೂರಾರು ಮನೆಗಳನ್ನು ಕೊಂಡು ಕೆಡವಿತು. ಇತಿಹಾಸಕಾರರು ಹಳೆಯ ಕಡತ ತೆಗೆದು ನೋಡಿದರೆ ಆ ತೀರಕ್ಕೆ ಕಡಲು ನುಗ್ಗಿದ ಸುದ್ದಿ ಶತಮಾನಗಳ ಉದ್ದಕ್ಕೂ ಬರೆದಿಟ್ಟಿತ್ತು. ಹಿಂದಿನವರು ಅಂಥ ನೆಲವನ್ನು ದನ ಮೇಯಲು ಬಿಟ್ಟಿದ್ದರು. ಸುಮ್ನೆ ಬಿಟ್ಟಿದ್ದಲ್ಲ.

ಕಡಲು ಏರುತ್ತಿದೆ, ಒಡ್ಡು ಸಾಲದು ಎಂದು ಒಳಗಿನವರೇ ಹೇಳಿದರೂ ಕೇಳದ ಉದಾಹರಣೆ ಬೇಕಿದ್ದರೆ ನೆದರ್ಲೆಂಡ್ಸ್ ಇದೆ. ಯೋಹಾನ್ ವಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರ್ 1930ರ ದಶಕದಿಂದಲೇ ಒಡ್ಡುಗಳು ತಗ್ಗಾಗಿವೆ ಎಂದು ಎಚ್ಚರಿಸುತ್ತಿದ್ದರು. ಯುದ್ಧ ಬಂತು, ಆಮೇಲೆ ದುಡ್ಡಿರಲಿಲ್ಲ. 1953ರ ಫೆಬ್ರವರಿ 1ರ ಬೆಳಗಿನ ಜಾವ 1,836 ಜನ ಮುಳುಗಿ ಸತ್ತರು. ಆಮೇಲೆ ಆ ದೇಶ ತನ್ನ ಮುಖ್ಯ ಭಾಗಕ್ಕೆ 10,000 ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನು ಅಳತೆಗೋಲು ಮಾಡಿಕೊಂಡಿತು. ದುಡ್ಡು ಆಗ ಎಲ್ಲಿಂದಲೋ ಬಂತು.

ನಾನು ಬಹಿರಂಗ ಪತ್ರ ಬರೆಯಲು ಹೊರಟಾಗ ಇದೇ ವಿಷಯಕ್ಕೆ ಹಿಂದೊಬ್ಬರು ಪತ್ರ ಬರೆದದ್ದು ನೆನಪಾಯಿತು. ಹೆನ್ರಿ ಪಿಡಿಂಗ್ಟನ್. ಕಲ್ಕತ್ತೆಯಲ್ಲಿದ್ದವರು. 'ಸೈಕ್ಲೋನ್' ಎಂಬ ಪದ ಕೊಟ್ಟವರು ಅವರೇ, ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಪದದಿಂದ. ಅವರ ಕೈಯಲ್ಲಿ ಉಪಗ್ರಹ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿಕೊಂಡು, ಯಾವ ದಿನ ಎಲ್ಲಿ ಗಾಳಿ ಯಾವ ದಿಕ್ಕಿಗಿತ್ತು ಎಂದು ಸಾಲು ಸಾಲಾಗಿ ಹೊಂದಿಸಿ, ಹಳೆಯ ಬಿರುಗಾಳಿಗಳ ದಾರಿ ಕಂಡುಕೊಂಡರು. ಆಂಧ್ರದ ಕೋರಿಂಗಾ ಬಂದರನ್ನು 1789ರಲ್ಲಿ ಕಡಲು ನುಂಗಿದ್ದು, ಐವತ್ತು ವರ್ಷ ಕಳೆದು 1839ರಲ್ಲಿ ಅದೇ ಊರಿಗೆ ಮತ್ತೆ ಬಂದದ್ದು ಅವರ ಕಾಲಕ್ಕೆ ಗೊತ್ತಿದ್ದ ವಿಷಯಗಳು. ಸುಂದರಬನದ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಮಾತು ಬಂದಾಗ, 1853ರಲ್ಲಿ ಅವರು ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು ಅಚ್ಚು ಹಾಕಿಸಿದರು. ಚಂಡಮಾರುತದ ಅಲೆ ಬರುತ್ತದೆ, ಇಲ್ಲಿ ಬೇಡ ಎಂದು.

ಬಂದರು ಕಟ್ಟಿದರು. ಪೋರ್ಟ್ ಕ್ಯಾನಿಂಗ್ ಎಂದು ಹೆಸರಿಟ್ಟರು. ರೈಲು ಹಳಿಯೂ ಬಂತು. ಪಿಡಿಂಗ್ಟನ್ 1858ರಲ್ಲಿ ತೀರಿಕೊಂಡರು. 1867ರ ನವೆಂಬರ್‌ನಲ್ಲಿ ಚಂಡಮಾರುತ ಬಂತು, ನೀರು ಬಂದರಿಗೆ ನುಗ್ಗಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಬಿಟ್ಟು ಹೋದರು. ಬಂಗಾಳ ಕೊಲ್ಲಿಯ ಮಹಾ ಚಂಡಮಾರುತಗಳ ಲೆಕ್ಕದಲ್ಲಿ ಅದು ಅಂಥ ದೊಡ್ಡದೇನೂ ಆಗಿರಲಿಲ್ಲ.

ನಾನು ಪಿಡಿಂಗ್ಟನ್ ಅಲ್ಲ. ಆದರೆ ಅವರ ಹತ್ತಿರ ಇಲ್ಲದ್ದು ಈಗ ನಿಮ್ಮ ಹತ್ತಿರ ಇದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿ ನಿಮ್ಮ ಮೇಜಿನ ಮೇಲಿದೆ. ಈಗ ನೂರು ವರ್ಷಕ್ಕೊಮ್ಮೆ ಎನ್ನುವ ಕಡಲ ಮಟ್ಟ 2100ರ ಹೊತ್ತಿಗೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಅಳತೆ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ ಎಂದು ಅದರಲ್ಲಿ ಬರೆದಿದೆ. ಇವತ್ತು ಹುಟ್ಟಿದ ಮಗು ಅದನ್ನು ನೋಡುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಸುಮಾರು 1,25,000 ವರ್ಷಗಳ ಹಿಂದೆ ಭೂಮಿ ಹೆಚ್ಚುಕಮ್ಮಿ ಈಗಿನಷ್ಟೇ ಬೆಚ್ಚಗಿದ್ದ ಕಾಲದಲ್ಲಿ ಕಡಲು 5ರಿಂದ 10 ಮೀಟರ್ ಮೇಲಿತ್ತು. ಅದು ನಾಳೆಯೇ ಆಗುವುದಿಲ್ಲ, ಮಂಜು ಕರಗಲು ಶತಮಾನಗಳು ಬೇಕು. ಆದರೆ ಒಂದು ಊರಿನ ಆಯಸ್ಸೂ ಶತಮಾನಗಳದ್ದೇ ಅಲ್ವಾ?

ತಿಳಿದುಕೊಂಡರೆ ಜೀವ ಉಳಿಸಬಹುದು ಎಂಬುದಕ್ಕೂ ಸಾಕ್ಷಿ ಇದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಭೋಲಾ ಆದ ಮೇಲೆ ಬಾಂಗ್ಲಾದೇಶ ಆಸರೆ ಕಟ್ಟಡ ಕಟ್ಟಿತು, ಸ್ವಯಂಸೇವಕರನ್ನು ತಯಾರು ಮಾಡಿತು, ಮುನ್ಸೂಚನೆ ಮನೆಬಾಗಿಲಿಗೆ ತಲುಪಿಸಿತು. 2020ರಲ್ಲಿ ಆಂಫಾನ್ ಬಂದಾಗ ಅಲ್ಲಿ ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ಹಣವಂತ ದೇಶ ಎಂದು ಯಾರೂ ಹೇಳುವುದಿಲ್ಲ. ಆದರೆ 1970 ಅನ್ನು ಅವರು ಮರೆಯಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಗೆರೆ ಎಳೆಯುವ ಮುಂಚೆ ಹತ್ತಿರದ ಹಿನ್ನೀರಿನಲ್ಲಿ ಒಂದು ಕೊಳವೆ ಇಳಿಸಿ ನೋಡಿ. ಒಂದು ಒಡ್ಡಿನ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಚರ್ಚು, ಮಸೀದಿ, ದೇವಸ್ಥಾನ, ಬಂದರು ಕಚೇರಿಗಳ ಹಳೆಯ ಕಡತದಲ್ಲಿ ನೀರು ಎಲ್ಲಿಯವರೆಗೆ ಬಂತು ಎಂದು ಯಾರಾದರೂ ಬರೆದಿದ್ದಾರೆಯೇ ನೋಡಲು ಇಬ್ಬರು ಇತಿಹಾಸಕಾರರನ್ನು ಕೂರಿಸಿ. ನೆಲದ ಎತ್ತರವನ್ನು ಮತ್ತೆ ಅಳೆಸಿ. ಮತ್ತು ಗೆರೆಗೆ ಒಂದು ಮುಕ್ತಾಯದ ದಿನಾಂಕ ಹಾಕಿ. ಔಷಧಿ ಡಬ್ಬಿಯ ಮೇಲೆ ಇರುತ್ತದಲ್ಲ, ಹಾಗೆ. ಇಷ್ಟು ವರ್ಷವಾದ ಮೇಲೆ ಈ ಗೆರೆ ಚಲ್ತಿಯಲ್ಲಿಲ್ಲ, ಮತ್ತೆ ಎಳೆಯಬೇಕು ಎಂದು.

ಕೊನೆಯದಾಗಿ ನಕ್ಷೆಯ ಬಗ್ಗೆ. ಅದರ ಕೆಳಮೂಲೆಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಕ್ಷರದಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗಿನ ಅಳತೆಯ ಮೇಲೆ ಇದನ್ನು ಮಾಡಿದ್ದು ಎಂದು ಬರೆದಿರುತ್ತೀರಿ. ಆ ಎರಡು ಇಸವಿಗಳನ್ನು ಮೇಲಕ್ಕೆ ತನ್ನಿ, ಶೀರ್ಷಿಕೆಯಷ್ಟೇ ದಪ್ಪಕ್ಷರದಲ್ಲಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: 'ಇದಕ್ಕೂ ಹಿಂದಿನ ಬಿರುಗಾಳಿಗಳ ದಾಖಲೆ ನೋಡಲಾಗಿದೆ' ಅಥವಾ 'ನೋಡಿಲ್ಲ'. ನೋಡಿಲ್ಲ ಎಂದಿದ್ದರೆ ಹಾಗೆಂದೇ ಬರೆಯಿರಿ, ಬೇಸರವಿಲ್ಲ. ಮನೆ ಎಲ್ಲಿ ಕಟ್ಟಬೇಕು, ಮಂಚ ಯಾವ ಮಹಡಿಯಲ್ಲಿ ಹಾಕಬೇಕು ಎಂದು ನಾವು ನೋಡಿಕೊಳ್ಳುತ್ತೇವೆ.

ಇಂತಿ,
ಗೆರೆಯ ಈಚೆ ಮಲಗುವವರಲ್ಲಿ ಒಬ್ಬ